ಕಾರವಾರದಿಂದ ರೇಡಿಯೋ ಅನೌನ್ಸರ್ ಆಗೋದು ಹೆಂಗೆ? ಮನೇಲಿ ಕೊಂಕಣಿ, ಆಡಿಷನ್ ಕೊಟ್ಟೋರು ಇದ್ರೆ ಹೇಳಿ

ಕಾಳಿ_ದಂಡೆ

ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದ್ತಾ ಇದ್ದೆ, ಬರೆಯೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಂಗೆ 23, ಊರು ಕಾರವಾರ, ಸದಾಶಿವಗಡ ಬದಿ. ಬಿಕಾಂ ಆಗಿದೆ, ಸದ್ಯ ಒಂದು ಟೂವೀಲರ್ ಶೋರೂಮಲ್ಲಿ ಬಿಲ್ಲಿಂಗ್ ಕೆಲ್ಸ. ನಮ್ಮನೇಲಿ ಟಿವಿಗಿಂತ ರೇಡಿಯೋ ಜಾಸ್ತಿ. ಆಯಿ ಬೆಳಿಗ್ಗೆ ಎದ್ದವಳೇ ಫ್ರಿಜ್ ಮೇಲಿರೋ ರೇಡಿಯೋದ ಕಿವಿ ಹಿಂಡಿ ಕಾರವಾರ ಆಕಾಶವಾಣಿ 102.3 ಹಾಕಿದ್ಲು ಅಂದ್ರೆ ಮೀನು ಕೊಯ್ದು ಸಾರಿಗೆ ಬೀಳೋವರೆಗೂ ಅದು ಮಾತಾಡ್ತಾನೇ ಇರ್ಬೇಕು, ಮಧ್ಯ ಯಾರಾದ್ರೂ ಆಫ್ ಮಾಡಿದ್ರೆ ಅಡುಗೆಮನೆಯಿಂದ ಸೌಟು ಸಮೇತ ಹೊರಗೆ ಬರ್ತಾಳೆ. ನಾನು ಸಣ್ಣೋಳಿದ್ದಾಗ ಬಾಚಣಿಗೆ ಹಿಡ್ಕೊಂಡು "ಈಗ ಸಮಯ ಏಳು ಗಂಟೆ ಐದು ನಿಮಿಷ" ಅಂತ ಓಣಿಗೆಲ್ಲ ಕೇಳೋ ಹಾಗೆ ಹೇಳ್ತಿದ್ನಂತೆ, ಗಡಿಯಾರ ನೋಡೋಕೂ ಬರ್ತಿರ್ಲಿಲ್ಲ ಆಗ.

ಕಾಲೇಜಲ್ಲಿ ಫಂಕ್ಷನ್ ಬಂತು ಅಂದ್ರೆ ನಿರೂಪಣೆ ನಂದೇ. ಹೋದ ತಿಂಗಳು ನೆಂಟರ ಮದುವೆ ರಿಸೆಪ್ಷನಲ್ಲೂ ಮೈಕ್ ಕೊಟ್ರು, ಊಟ ಮಾಡ್ತಾ ಇದ್ದ ಯಾರೋ ಒಬ್ರು ಕೈ ತೊಳ್ಕೊಂಡು ಬಂದು "ನೀನು ರೇಡಿಯೋದಲ್ಲಿ ಮಾತಾಡ್ತೀಯೇನೆ" ಅಂತ ಕೇಳಿದ್ರು. ಅಲ್ಲಿಂದ ತಲೇಲಿ ಹುಳ ಹೊಕ್ಕಿದೆ.

ಕೇಳೋದು ಇಷ್ಟು. ಆಕಾಶವಾಣಿಲಿ ಕ್ಯಾಶುವಲ್ ಅನೌನ್ಸರ್ ಅಂತ ತಗೋತಾರಲ್ಲ ಅದ್ರ ಆಡಿಷನ್ ಹೆಂಗಿರುತ್ತೆ, ಅದ್ರಲ್ಲಿ ಜೀವನ ಆಗತ್ತಾ? ಇಲ್ಲಾ ಸೀದಾ ಬೆಂಗಳೂರಿಗೆ ಹೋಗಿ ಪ್ರೈವೇಟ್ ಎಫ್‌ಎಂ ಟ್ರೈ ಮಾಡ್ಲಾ? ಆರ್‌ಜೆ ಕೋರ್ಸ್ ಅಂತ ಒಂದು ಕಡೆ ವಿಚಾರಿಸಿದೆ, ಮೂರು ತಿಂಗಳಿಗೆ 70 ಸಾವಿರ ಅಂದ್ರು, ಎದೆ ಧಸಕ್ ಅಂತು. ಇನ್ನೊಂದು, ಇದೇ ಜಾಸ್ತಿ ಹೆದರಿಕೆ, ಮನೇಲಿ ಮಾತಾಡೋದು ಕೊಂಕಣಿ. ಕನ್ನಡ ಮೀಡಿಯಮ್ಮಲ್ಲೇ ಓದಿದ್ದು, ಆದ್ರೂ ಶಾಲೆಲಿ ಒಬ್ರು ಟೀಚರ್ ನನ್ನ "ಚ" "ಜ" ಕೇಳಿ ನಗ್ತಿದ್ರು. ಅದು ಮೈಕಲ್ಲಿ ಗೊತ್ತಾಗತ್ತಾ?

ಪಪ್ಪ ಬ್ಯಾಂಕ್ ಎಕ್ಸಾಂ ಪುಸ್ತಕ ತಂದು ಟೇಬಲ್ ಮೇಲೆ ಇಟ್ಟಿದಾರೆ, ಏನೂ ಹೇಳಲ್ಲ, ದಿನಾ ಅದ್ರ ಧೂಳು ಒರೆಸಿ ಮತ್ತೆ ಅಲ್ಲೇ ಇಡ್ತಾರೆ.

ಮಾಜಿ_ಕ್ಯಾಶುವಲ್

ತಂಗಿ, ನಾನು ಶಿರಸಿಯವ. ಒಂದು ಆಕಾಶವಾಣಿ ಕೇಂದ್ರದಲ್ಲಿ ಒಂಬತ್ತು ವರ್ಷ ಕ್ಯಾಶುವಲ್ ಆಗಿದ್ದೆ, ಯಾವ ಕೇಂದ್ರ ಅಂತ ಕೇಳ್ಬೇಡ, ಮುಂದೆ ಒಂದು ಕಥೆ ಹೇಳೋದಿದೆ. ಈಗ ಸ್ಟೇಶನರಿ ಅಂಗಡಿ. ಅಂಗಡಿ ಆಗಲೂ ಇತ್ತು, ಅದನ್ನ ಮೊದ್ಲೇ ಹೇಳಿಬಿಡ್ತೀನಿ ಯಾಕಂದ್ರೆ ನಿನ್ನ "ಜೀವನ ಆಗತ್ತಾ"ಗೆ ಉತ್ತರ ಅದ್ರಲ್ಲೇ ಇದೆ. ಕ್ಯಾಶುವಲ್ ಅಂದ್ರೆ ನೌಕರಿ ಅಲ್ಲ, ತಿಂಗಳಿಗೆ ಹೆಚ್ಚಂದ್ರೆ ಆರು ಡ್ಯೂಟಿ, ಒಂದೊಂದು ಡ್ಯೂಟಿಗೆ ಇಷ್ಟು ಅಂತ ದುಡ್ಡು, ಪಿಎಫ್ ಇಲ್ಲ ರಜೆ ಇಲ್ಲ, ಮುಂದೆ ಪರ್ಮನೆಂಟ್ ಮಾಡ್ತಾರೆ ಅನ್ನೋ ಆಸೆ ಅಂತೂ ಇಟ್ಕೋಲೇಬೇಡ. ಆ ಆಸೆಲೇ ತಲೆಕೂದಲು ಬೆಳ್ಳಗೆ ಮಾಡ್ಕೊಂಡವರು ನನ್ನ ಜೊತೆಗೆ ನಾಲ್ಕು ಜನ ಇದ್ರು.

ಈಗ ಆಡಿಷನ್. ಕೇಂದ್ರದವರು ಬೇಕಾದಾಗ ಪ್ರಕಟಣೆ ಕೊಡ್ತಾರೆ, ರೇಡಿಯೋದಲ್ಲೂ ಹೇಳ್ತಾರೆ, ಪೇಪರಲ್ಲೂ ಸಣ್ಣದಾಗಿ ಬರುತ್ತೆ. ವರ್ಷ ವರ್ಷ ಕರೀತಾರೆ ಅಂತೇನಿಲ್ಲ, ಹಾಗಾಗಿ ಆಯಿಗೆ ಹೇಳಿಡು, ಹೆಂಗೂ ಇಡೀ ದಿನ ಕೇಳ್ತಾರಲ್ಲ. ಆ ಕೇಂದ್ರದ ವ್ಯಾಪ್ತಿಯ ಜಿಲ್ಲೆಯವರಿಗೆ ಸಾಮಾನ್ಯವಾಗಿ ಮೊದಲ ಮಣೆ. ನಾನು ಕೊಟ್ಟಾಗ ವಯಸ್ಸು 20ರಿಂದ 50 ಇತ್ತು, ಯುವಕರ ಕಾರ್ಯಕ್ರಮ ಯುವವಾಣಿಗೆ ಬೇರೆ, ಅದು 30ರ ಒಳಗಿನವರಿಗೆ. ಮೊದ್ಲು ಲಿಖಿತ ಪರೀಕ್ಷೆ. ಅದನ್ನ ಹಗುರ ಮಾಡ್ಬೇಡ, ಧ್ವನಿ ಚೆನ್ನಾಗಿದೆ ಅಂತ ಬಂದ ಎಷ್ಟೋ ಜನ ಅಲ್ಲೇ ಮುಗ್ಗರಿಸ್ತಾರೆ. ಸಂಗೀತ, ಸಾಹಿತ್ಯ, ಸುದ್ದಿ, ಜಿಲ್ಲೆ ಬಗ್ಗೆ ಎಲ್ಲ ಕೇಳಬಹುದು. ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರು ಯಾರು, ತುಳಸಿ ಗೌಡರಿಗೆ ಪದ್ಮಶ್ರೀ ಯಾತಕ್ಕೆ ಬಂತು ಅಂತ ಗೊತ್ತಿಲ್ಲದೇ ಈ ಜಿಲ್ಲೆ ಜನರ ಹತ್ರ ಮೈಕಲ್ಲಿ ಮಾತಾಡೋಕೆ ಹೋಗೋದು ಸರಿಯಲ್ಲ, ಪರೀಕ್ಷೆಲಿ ಬರಲಿ ಬಿಡಲಿ.

ಆಮೇಲೆ ವಾಯ್ಸ್ ಟೆಸ್ಟ್. ಗಾಜಿನ ಆಚೆ ಕೂತವರು ನಿನ್ನ ಮುಖ ನೋಡಲ್ಲ, ಸ್ಪೀಕರಲ್ಲಿ ಧ್ವನಿ ಮಾತ್ರ ಕೇಳ್ತಾರೆ. ಕೈಗೆ ಒಂದು ಹಾಳೆ ಕೊಡ್ತಾರೆ, ಆ ಹಾಳೆ ಮಾಡಿದವರು ಯಾರೋ ಗೊತ್ತಿಲ್ಲ ಆದ್ರೆ ದಯೆ ಇಲ್ಲದವರು. ನಂಗೆ ಬಂದಿದ್ದು ಹೇಳ್ತೀನಿ. ಮೊದ್ಲು ಹಿಂದುಸ್ತಾನಿ ಗಾಯನದ ಪ್ರಕಟಣೆ, ರಾಗ ಮಿಯಾ ಮಲ್ಹಾರ್, ವಿಲಂಬಿತ ಏಕತಾಲ. ಅದ್ರ ಬುಡಕ್ಕೇ ಕೃಷಿ ಸಲಹೆ, ಅಡಿಕೆ ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ. ಅದ್ರ ಕೆಳಗೆ ಯಾವುದೋ ದೇಶದ ಪ್ರಧಾನಿ ಹೆಸರು, ಅರ್ಧ ಅಂಗುಲ ಉದ್ದ. ಕೊನೇಲಿ ಅಂಕಿಗಳು. 1,05,067 ಅನ್ನೋದನ್ನ ನಿಲ್ಲದೇ ಒಂದೇ ಸಲಕ್ಕೆ ಓದು ನೋಡೋಣ. ನಂಗೆ ಅಡಿಕೆ ತೋಟದ ಪುಣ್ಯ, ಬೋರ್ಡೋ ಅನ್ನೋದು ಹಾಲು ಕುಡಿದಷ್ಟು ಸಲೀಸು, ಬೆಂಗಳೂರಿಂದ ಬಂದಿದ್ದ ಒಬ್ಬ ಹುಡುಗ "ಬೋರ್ಡೆಕ್ಸ್" ಅಂದು ಹೊರಗೆ ಹೋದ. ಕೊಟ್ಟ ವಿಷಯದ ಮೇಲೆ ಹಾಳೆ ಇಲ್ಲದೇ ಎರಡು ನಿಮಿಷ ಮಾತಾಡು ಅಂತಲೂ ಹೇಳಬಹುದು, ರೆಡಿ ಇರು.

ಪಾಸಾದ್ರೆ ವಾಣಿ ಅಂತ ಸರ್ಟಿಫಿಕೇಟ್ ಕೋರ್ಸ್ ಮಾಡಿಸ್ತಾರೆ, ಅದಕ್ಕೂ ನಾವೇ ಫೀಸ್ ಕಟ್ಟಬೇಕು, ಆದ್ರೆ ನೀ ಹೇಳಿದ 70 ಸಾವಿರದ ಹತ್ರಕ್ಕೂ ಬರಲ್ಲ.

ಇನ್ನು ಡ್ಯೂಟಿ ಅಂದ್ರೆ ಏನು ಅಂತ. ಜನ ಅಂದ್ಕೊಂಡಿರೋದು ಕೂತ್ಕೊಂಡು ಮಾತಾಡೋದು ಅಂತ. ಮಾತಾಡೋದು ಕಮ್ಮಿ, ಗಡಿಯಾರ ನೋಡೋದು ಜಾಸ್ತಿ. ಬೆಳಗಿನ ಪ್ರಸಾರ ಇದ್ರೆ ಐದು ಗಂಟೆಗೆ ಅಲ್ಲಿರ್ಬೇಕು, ಹಾಗಾಗಿ ಹಿಂದಿನ ರಾತ್ರಿನೇ ಬಸ್ ಹತ್ತಿ ಅಕ್ಕನ ಮನೇಲಿ ಮಲಗ್ತಿದ್ದೆ. ಕ್ಯೂಶೀಟ್ ಅಂದ್ರೆ ಆ ದಿನದ ಪ್ರಸಾರದ ಪಟ್ಟಿ, ಅದನ್ನ ತಗೊಂಡು ಯಾವ ಹಾಡು ಯಾವ ಫೈಲು ಎಷ್ಟು ನಿಮಿಷ ಎಷ್ಟು ಸೆಕೆಂಡು ಎಲ್ಲ ಕೂಡಿ ಕಳೆದು ಇಟ್ಕೋಬೇಕು, ದಿಲ್ಲಿ ವಾರ್ತೆ, ಧಾರವಾಡದ ಪ್ರದೇಶ ಸಮಾಚಾರ ರಿಲೇ ಇದ್ರೆ ಟಕ್ ಅಂತ ಆ ಸೆಕೆಂಡಿಗೆ ಹಿಡಿಬೇಕು, ಭಾವಗೀತೆಗೆ ಇನ್ನೂ ಒಂದು ಚರಣ ಬಾಕಿ ಇದೆ ಅಂತ ದಿಲ್ಲಿಯವರು ಕಾಯಲ್ಲ. ಮೊದ್ಲು ಆ ಸಿಗ್ನೇಚರ್ ಟ್ಯೂನ್, ತಂಬೂರಿ ಮೇಲೆ ವಯಲಿನ್ನು, ಎಲ್ರಿಗೂ ಗೊತ್ತಿರೋದು (ಅದನ್ನ ಮಾಡಿದ್ದು ವಾಲ್ಟರ್ ಕೌಫ್‌ಮನ್ ಅನ್ನೋ ಯುರೋಪಿನ ಯಹೂದಿ ಸಂಗೀತಗಾರ, 1930ರ ದಶಕದಲ್ಲಿ, ನಮ್ಮ ಅಜ್ಜ ಅದನ್ನ ಯಾವುದೋ ದೇವಸ್ಥಾನದ್ದು ಅಂದ್ಕೊಂಡೇ ತೀರಿಕೊಂಡ). ಆಮೇಲೆ ವಂದೇ ಮಾತರಂ. ಅದು ಮುಗಿಯೋಕೆ ಬಂದಾಗ ಬಲಗೈ ಫೇಡರ್ (ದನಿ ಏರಿಸಿ ಇಳಿಸೋ ಗುಂಡಿ) ಮೇಲಿರುತ್ತೆ, ಗಂಟಲು ಒಣಗಿರುತ್ತೆ, ಆ ಮೂರು ಸೆಕೆಂಡಿನ ಮಜಾ ಬೇರೆ ಯಾವ ಕೆಲಸದಲ್ಲೂ ನಂಗೆ ಸಿಕ್ಕಿಲ್ಲ ಬಿಡು.

ಕಥೆ ಏನಂದ್ರೆ, ಸೇರಿ ಎರಡನೇ ತಿಂಗಳು. ಭಕ್ತಿಗೀತೆ ಮುಗೀತು, ಫೇಡರ್ ಏರಿಸಿದೆ, ಬಾಯಿ ತೆಗೆದೆ, ಎದುರಿಗೆ ಹಾಳೆ ಇಲ್ಲ. ಫ್ಯಾನ್ ಗಾಳಿಗೆ ಕೆಳಗೆ ಬಿದ್ದಿದೆ. ಬಗ್ಗಿದೆ. ಕುರ್ಚಿ ಕಿರ್ರ್‌ರ್ ಅಂತು, ಎಂತಾ ಕಿರ್ರ್ ಅಂದ್ರೆ ಹಂದಿ ಕೂಗಿದ ಹಾಗೆ, ಜಿಲ್ಲೆ ತುಂಬ ಹೋಯ್ತು. ಆಮೇಲೆ ಎಂಟು ಸೆಕೆಂಡ್ ಮೌನ. ಹೊರಗೆ ಎಂಟು ಸೆಕೆಂಡ್ ಅಂದ್ರೆ ಏನೂ ಅಲ್ಲ, ಆ ರೂಮೊಳಗೆ ಅದು ಮಳೆಗಾಲ ಕಳೆದಷ್ಟು. ಗಾಬರಿಲಿ "ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ" ಅಂದೆ. ಡ್ಯೂಟಿ ಆಫೀಸರ್ ಲಾಗ್ ಬುಕ್ಕಲ್ಲಿ ಬರೆದು ಕರೆದು ಕೇಳಿದ್ರು, ಕುರ್ಚಿ ಯಾವಾಗಿಂದ ತಾಂತ್ರಿಕ ಉಪಕರಣ ಆಯ್ತು ಅಂತ.

ಕೊಂಕಣಿ ಬಗ್ಗೆ ಬೇರೆ ಬರೀತೀನಿ, ಗಿರಾಕಿ ಬಂದ್ರು.

ಹೊನ್ನಾವರದ_ಹುಡುಗಿ

ಮೇಲಿನ ಅಣ್ಣ ಆಕಾಶವಾಣಿದು ಹೇಳಿದಾರೆ, ನಾನು ಪ್ರೈವೇಟ್ ಕಡೇದು ಹೇಳ್ತೀನಿ. ಏಳು ವರ್ಷ ಆರ್‌ಜೆ ಆಗಿದ್ದೆ, ಎರಡು ಊರು, ಈಗ ಬಿಟ್ಟು ಆಡಿಯೋ ಬುಕ್, ಜಾಹೀರಾತಿಗೆ ವಾಯ್ಸ್ ಕೊಡೋದು ಮಾಡ್ತಿದ್ದೀನಿ.

ಮೊದ್ಲು ಕೋರ್ಸ್ ವಿಷಯ, ಯಾಕಂದ್ರೆ ಹೊಟ್ಟೆ ಉರಿಯೋದು ಅಲ್ಲಿ. ನಾನೂ ಕಟ್ಟಿದೀನಿ ಮಾರಾಯ್ತಿ, 60 ಸಾವಿರ, ಅಮ್ಮನ ಬಳೆ ಅಡ ಇಟ್ಟು. ಇನ್‌ಸ್ಟಿಟ್ಯೂಟ್ ಹೆಸರು ಹೇಳಲ್ಲ. ಮೂರು ತಿಂಗಳಲ್ಲಿ ಸ್ಟುಡಿಯೋ ಒಳಗೆ ಕೂತಿದ್ದು ಒಟ್ಟು ಎರಡು ಸಲ, ಉಳಿದಿದ್ದೆಲ್ಲ ಪರ್ಸನಾಲಿಟಿ ಡೆವಲಪ್‌ಮೆಂಟ್ ಅಂತ ಪ್ರೊಜೆಕ್ಟರಲ್ಲಿ ತೋರ್ಸಿದ್ದು. ಪ್ಲೇಸ್‌ಮೆಂಟ್ ಅಂದವರು ಕೊನೆಗೆ ಸ್ಟೇಷನ್‌ಗಳ ಈಮೇಲ್ ಐಡಿ ಇರೋ ಒಂದು ಹಾಳೆ ಕೊಟ್ರು. ನಂಗೆ ಕೆಲಸ ಸಿಕ್ಕಿದ್ದು ಕೋರ್ಸಿಂದ ಅಲ್ಲ, ಪಿಜಿ ಬೀರು ಒಳಗೆ ತಲೆ ಹಾಕಿ ಫೋನಲ್ಲಿ ರೆಕಾರ್ಡ್ ಮಾಡಿದ ಎರಡು ನಿಮಿಷದ ಡೆಮೊ ಇಂದ. ನಗಬೇಡ, ಬಟ್ಟೆ ತುಂಬಿದ ಬೀರುವಿನಷ್ಟು ಒಳ್ಳೇ ಸ್ಟುಡಿಯೋ ಬಡವರಿಗೆ ಇಲ್ಲ, ದನಿ ಗೋಡೆಗೆ ಬಡಿದು ವಾಪಸ್ ಬರಲ್ಲ. ಎಡಿಟ್ ಮಾಡೋಕೆ ಆಡಾಸಿಟಿ ಅಂತ ಸಾಫ್ಟ್‌ವೇರ್ ಇದೆ, ಫ್ರೀ.

ಪ್ರೈವೇಟಲ್ಲಿ ಕೆಲಸದ ರೀತಿನೇ ಬೇರೆ. ಒಂದು ಗಂಟೆಲಿ ನೀನು ಮಾತಾಡೋದು ಹೆಚ್ಚಂದ್ರೆ ಎಂಟು ಹತ್ತು ನಿಮಿಷ, ಅದೂ ಒಂದೊಂದು ಲಿಂಕ್, ಅಂದ್ರೆ ಹಾಡುಗಳ ಮಧ್ಯದ ಮಾತು, ಒಂದು ಒಂದೂವರೆ ನಿಮಿಷ, ಉಳಿದಿದ್ದು ಹಾಡು ಮತ್ತೆ ಜಾಹೀರಾತು. ಆ ಒಂದು ನಿಮಿಷಕ್ಕೆ ಬೆಳಿಗ್ಗೆಯಿಂದ ತಲೆ ಕೆರ್ಕೋಬೇಕು. ಸ್ವಂತ ಸುದ್ದಿ ಹೇಳೋ ಹಾಗಿಲ್ಲ, ಪ್ರೈವೇಟ್ ಎಫ್‌ಎಂನವರು ಆಕಾಶವಾಣಿ ವಾರ್ತೆನ ಇದ್ದ ಹಾಗೇ ಹಾಕಬಹುದು ಅಷ್ಟೇ, ರಾಜಕೀಯ ಅಂತೂ ಬಾಯಿಗೇ ತರೋ ಹಾಗಿಲ್ಲ. ಶೋ ಮುಗಿದ ಮೇಲೆ ಬಟ್ಟೆ ಅಂಗಡಿ ಉದ್ಘಾಟನೆಗೆ ಹೋಗು, ಮಾಲ್‌ನಲ್ಲಿ ಬಲೂನು ಹಂಚು, ರೀಲ್ಸ್ ಮಾಡು, ಕ್ಲೈಂಟ್ ಜೊತೆ ನಗು. 2001ರಲ್ಲಿ ಬೆಂಗಳೂರಲ್ಲಿ ರೇಡಿಯೋ ಸಿಟಿ ಶುರುವಾದಾಗ, ಅದು ದೇಶದ್ದೇ ಮೊದಲ ಪ್ರೈವೇಟ್ ಎಫ್‌ಎಂ, ಆಗ ಧ್ವನಿ ಇದ್ರೆ ಸಾಕಿತ್ತು ಅಂತ ಸೀನಿಯರ್ಸ್ ಹೇಳೋರು. ನಾನು ಸೇರೋ ಹೊತ್ತಿಗೆ ಇಂಟರ್ವ್ಯೂಲಿ ಕೇಳಿದ ಮೊದಲ ಪ್ರಶ್ನೆ ಫಾಲೋವರ್ಸ್ ಎಷ್ಟು ಅಂತ. ಶುರುವಿಗೆ ಸಂಬಳ 15 ಸಾವಿರ, ಪಿಜಿಗೆ 7. ಲೆಕ್ಕ ನೀನೇ ಹಾಕು, ಬಿಕಾಂ ಅಲ್ವಾ.

ಆದ್ರೂ ಒಂದು ವಿಷಯ ಅಲ್ಲೇ ಕಲ್ತಿದ್ದು. ನಮ್ಮಪ್ಪ ತಾಳಮದ್ದಳೆ (ವೇಷ ಕುಣಿತ ಇಲ್ಲದೇ ಕೂತು ಮಾತಲ್ಲೇ ನಡೆಸೋ ಯಕ್ಷಗಾನ) ಹುಚ್ಚಿನವರು, ಅರ್ಥ ಹೇಳೋಕೆ ಹೋದಲ್ಲೆಲ್ಲ ನನ್ನನ್ನೂ ಕರ್ಕೊಂಡು ಹೋಗೋರು, ಹಾಗಾಗಿ ಮಾತಿಗೆ ನಂಗೆ ಬರ ಇರ್ಲಿಲ್ಲ, ಎಲ್ಲಿ ಎತ್ತಬೇಕು ಎಲ್ಲಿ ಇಳಿಸ್ಬೇಕು ಎಲ್ಲ ರಕ್ತದಲ್ಲೇ ಇತ್ತು. ಮೊದಲ ಟ್ರಯಲ್ ಶೋಲಿ ಅದೇ ಧಾಟಿಲಿ ಶುರು ಹಚ್ಕೊಂಡೆ. ಪ್ರೊಡ್ಯೂಸರ್ ಹೆಡ್‌ಫೋನ್ ತೆಗೆದಿಟ್ಟು ಕೇಳಿದ್ರು, "ನಿನ್ನೆದುರು ಎಷ್ಟು ಜನ ಕೂತಿದಾರೆ?" ನಾನಂದೆ, ಲಕ್ಷಾಂತರ ಕೇಳುಗರು ಸರ್. "ಇಲ್ಲ. ಒಬ್ಳು ಕೂತಿದಾಳೆ. ಕುಕ್ಕರ್ ಇಟ್ಟಿದಾಳೆ, ಮೂರನೇ ಸೀಟಿಗೆ ಕಾಯ್ತಿದಾಳೆ. ಅವಳಿಗೆ ಹೇಳು." ಸ್ಟೇಜ್ ನಿರೂಪಣೆ ಮಾಡ್ಕೊಂಡು ಬಂದೋರಿಗೆಲ್ಲ ಈ ರೋಗ ಇರುತ್ತೆ, ನಿಂಗೂ ಇರುತ್ತೆ, "ಈ ಶುಭ ಸಂದರ್ಭದಲ್ಲಿ" ಅಂತ ಶುರು ಮಾಡೋ ಚಾಳಿ. ಅದನ್ನ ಬಿಡೋಕೆ ನಂಗೆ ಆರು ತಿಂಗಳು ಬೇಕಾಯ್ತು.

ತೋಟದ_ಮನೆ_ಭಾವ

ಆನು ಸಿದ್ದಾಪುರ ಬದಿಯವ, 61 ವರ್ಷ, ಕೇಳುಗ ಅಷ್ಟೇಯ. ಕೇಳುಗರ ಮಾತೂ ಒಂದು ಇರ್ಲಿ ಹೇಳಿ ಬರೆದೆ.

ನಮ್ಮನೆ ಇಪ್ಪುದು ಕಣಿವೆಲಿ, ಎಫ್‌ಎಂ ಗುಡ್ಡ ಹತ್ತಿ ಇಳಿದು ಬತ್ತಿಲ್ಲೆ. ನಾವು ಬೆಳೆದದ್ದೆಲ್ಲ ಮೀಡಿಯಂ ವೇವ್ ಮೇಲೆ, ಧಾರವಾಡ 765, ಭದ್ರಾವತಿ 675, ಮುಳ್ಳು ಒಂಚೂರು ತಿರುಗಿದ್ರೆ ಒಂದರ ಮೇಲೆ ಇನ್ನೊಂದು. ಬೆಳಿಗ್ಗೆ ದೋಸೆ ಹೊಯ್ಯೋ ಹೊತ್ತಿಗೆ ಸಂಸ್ಕೃತ ವಾರ್ತೆ, "ಇಯಮ್ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಮ್, ಪ್ರವಾಚಕಃ ಬಲದೇವಾನಂದಸಾಗರಃ". ಅದನ್ನ ಅಣಕಿಸದೇ ಇದ್ದ ಮಾಣಿ ನಮ್ಮ ಸೀಮೆಲಿ ಹುಟ್ಟಿದ್ನಿಲ್ಲೆ. ಅರ್ಥ ಆಗ್ತಿತ್ತಾ ಅಂದ್ರೆ ಇಲ್ಲೆ, ಆದ್ರೆ ಆ "ಸಾಗರಃ" ಅಂದ ಕೂಡ್ಲೇ ಅಪ್ಪಯ್ಯ ಸ್ನಾನಕ್ಕೆ ಏಳ್ತಿದ್ದ. ಗಡಿಯಾರ ಇದ್ದಿದ್ದು ಗೋಡೆಲಿ ಅಲ್ಲ, ರೇಡಿಯೋದಲ್ಲಿ.

ಈಗಿನ ಆರ್‌ಜೆಗಳದ್ದು ಎಂತದು? ಮಗನ ಕಾರಲ್ಲಿ ಹುಬ್ಬಳ್ಳಿಗೆ ಹೋಪಾಗ ಕೇಳಿದೆ, ಹತ್ತು ಮಾತಲ್ಲಿ ಎಂಟು ಇಂಗ್ಲಿಷು, ಉಳಿದ ಎರಡು ನಗೆ. ಯಾರಿಗೂ ತಮ್ಮೂರು ಯಾವ್ದು ಹೇಳಿ ಗೊತ್ತಪ್ಪ ಹಂಗೆ ಮಾತಾಡೂಲೆ ಬತ್ತಿಲ್ಲೆ, ಎಲ್ಲಾ ಒಂದೇ ಅಚ್ಚು. ತಂಗಿ, ನೀನು ಕಾರವಾರದವಳು ಹೇಳಿ ನಿನ್ನ ಮಾತಲ್ಲಿ ಗೊತ್ತಾಗ್ಲಿ ಬಿಡು. ಎಂತಕ್ಕೆ ಮುಚ್ಚಿಡವು? ಮಳೆಗಾಲದಲ್ಲಿ ಕರೆಂಟೂ ಹೋಗಿ ಟವರೂ ಹೋದಾಗ ನಾಕು ದಿನ ನಮಗೆ ಇಪ್ಪುದು ಸೆಲ್ ಹಾಕಿದ ರೇಡಿಯೋ ಒಂದೇ, ಆವಾಗ ನಮ್ಮ ಬದಿಯವರ ದನಿ ಕೇಳಿದ್ರೆ ಒಂದು ಧೈರ್ಯ. ಚ ಜ ಯಾರು ನೋಡ್ತ.

ಕಾಳಿ_ದಂಡೆ

ಅಯ್ಯೋ ಇಷ್ಟೆಲ್ಲ ಬರೀತಾರೆ ಅಂದ್ಕೊಂಡೇ ಇರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಹೊನ್ನಾವರದ ಅಕ್ಕಾ, ಶುಭ ಸಂದರ್ಭ ಹೆಂಗೆ ಗೊತ್ತಾಯ್ತು ನಿಮಗೆ, ಆ ಮದುವೆಲೂ ಅದನ್ನೇ ಮೂರು ಸಲ ಹೇಳಿದೀನಿ 🙈

ಭಾವನವರು ಹೇಳಿದ್ದು ಕೇಳಿ ಖುಷಿ ಆಯ್ತು ಆದ್ರೆ ಮಾಜಿ ಅಣ್ಣನ ಆ ಹಾಳೆ ನೆನಪಾದ್ರೆ ಕೈ ಬೆವರುತ್ತೆ. ನಿನ್ನೆ ಪೇಪರ್ ಓದಿ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಟೀಚರ್ ನಕ್ಕಿದ್ದು ಸುಳ್ಳಲ್ಲ. "ಜಾತ್ರೆ" ಅಂದ್ರೆ ಮುಂದೆ ಒಂದು "ದ್" ಸೇರಿದ ಹಾಗೆ ಕೇಳುತ್ತೆ, "ಚಾಪೆ" "ತ್ಸಾಪೆ" ಆಗ್ತಿದೆ. ಇಷ್ಟು ವರ್ಷ ನಂಗೆ ಗೊತ್ತೇ ಇರ್ಲಿಲ್ಲ. ಇದು ಹೋಗತ್ತಾ?

ಮಾಜಿ_ಕ್ಯಾಶುವಲ್

ಹೋಗತ್ತೆ. ಮೊದ್ಲು ಅದು ಯಾಕೆ ಹಂಗಾಗತ್ತೆ ಅಂತ ಹೇಳ್ತೀನಿ, ನನ್ನ ಜೊತೆ ಒಬ್ಳು ಕೊಂಕಣಿ ಹುಡುಗಿ ಡ್ಯೂಟಿ ಮಾಡ್ತಿದ್ಲು, ಅವಳಿಂದ ಗೊತ್ತಾಗಿದ್ದು. ಕೊಂಕಣಿಲಿ ಮರಾಠಿಲಿ ಎರಡೆರಡು ಥರದ ಚ ಜ ಇದಾವೆ, ಒಂದು ನಾಲಿಗೆ ತುದಿ ಹಲ್ಲಿನ ಬುಡಕ್ಕೆ ತಾಗೋದು, ಇನ್ನೊಂದು ನಾಲಿಗೆ ಇನ್ನೂ ಹಿಂದೆ ಅಂಗುಳಕ್ಕೆ ತಾಗೋದು. ಕನ್ನಡಕ್ಕೆ ಎರಡನೇದು ಮಾತ್ರ ಸಾಕು. ನಿನ್ನ ಹತ್ರ ಒಂದು ಅಕ್ಷರ ಜಾಸ್ತಿ ಇದೆ ಅಷ್ಟೇ, ಕಮ್ಮಿ ಇಲ್ಲ. "ಚಿ" "ಜಿ" ಹೇಳಿ ನೋಡು, ಚಿಟ್ಟೆ, ಜಿಂಕೆ, ಅದು ನಿಂಗೆ ಸರಿಯಾಗೇ ಬರುತ್ತೆ. ಆಗ ನಾಲಿಗೆ ಎಲ್ಲಿತ್ತೋ ಅಲ್ಲೇ ಇಟ್ಟು "ಚಾ" "ಜಾ" ಅನ್ನು. ಅವಳು ದಿನಾ ಹತ್ತು ನಿಮಿಷ "ಜಿಂಕೆ ಜಾತ್ರೆ, ಚಿಟ್ಟೆ ಚಾಪೆ" ಅಂತ ಕ್ಯಾಂಟೀನಲ್ಲಿ ಗೊಣಗ್ತಾ ಕೂತಿರ್ತಿದ್ಲು, ಚಾ ಕೊಡೋ ಹುಡುಗನಿಗೆ ಹುಚ್ಚು ಅನ್ನಿಸಿತ್ತು. ಎರಡು ತಿಂಗಳಲ್ಲಿ ಸರಿ ಹೋಯ್ತು.

ನಮ್ಮ ಶಿರಸಿಯವರಿಗೇನು ಕಮ್ಮಿ ರೋಗ ಇಲ್ಲ. "ಒಂದು" ಬರೆದಿದ್ರೆ "ವಂದು" ಓದ್ತೀವಿ, "ಎಲ್ಲ"ಕ್ಕೆ "ಯೆಲ್ಲ". ನಂಗೆ ಅದನ್ನ ತಿದ್ದೋಕೆ ಒಬ್ರು ಹಿರಿಯ ಉದ್ಘೋಷಕರು ಹಾಳೆ ಮೇಲೆ ಒ, ಎ ಬಂದಲ್ಲೆಲ್ಲ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಕೊಡ್ತಿದ್ರು.

ಭಾವಾ, ನಿಮ್ಮ ಮಾತು ಅರ್ಧ ಒಪ್ದೆ. ನಮ್ಮ ಬದಿ ಮಾತು ಬೇರೆ, ಉಚ್ಚಾರ ಬೇರೆ. ಹಳ್ಳಿ ಕಾರ್ಯಕ್ರಮದಲ್ಲಿ, ಫೋನ್-ಇನ್‌ನಲ್ಲಿ "ಅಡ್ಡಿಲ್ಲೆ" ಅಂದ್ರೆ ಕೇಳೋರಿಗೆ ಹಿತ. ಆದ್ರೆ ಕದ್ರಾ ಡ್ಯಾಂನಿಂದ ನೀರು ಬಿಡ್ತಾರೆ, ಕಾಳಿ ದಂಡೆಯವರು ಮೇಲೆ ಹೋಗಿ ಅಂತ ಓದುವಾಗ, ಇಲ್ಲಾ ಮೀನುಗಾರರು ಸಮುದ್ರಕ್ಕೆ ಇಳಿಬೇಡಿ ಅಂತ ಹವಾಮಾನ ಎಚ್ಚರಿಕೆ ಓದುವಾಗ, ಒಂದು ಅಕ್ಷರವೂ ಆಚೆ ಈಚೆ ಆಗ್ಬಾರ್ದು. ಕರಕರ ಅನ್ನೋ ರೇಡಿಯೋದಲ್ಲಿ ಅರ್ಧ ಕೇಳಿಸಿದವನಿಗೂ ಪೂರ್ತಿ ತಿಳಿಬೇಕು. ಉಚ್ಚಾರ ಅಂತ ತಲೆ ತಿನ್ನೋದು ಅದಕ್ಕೆ, ಶೋಕಿಗಲ್ಲ.

ತೋಟದ_ಮನೆ_ಭಾವ

ಹಾಂ ಅದು ಹೌದು. ಆದ್ರೂ ಅಚ್ಚು ಬೇಡ.

ಮಂಗಳೂರು_ಟು_ಮಾಜಾಳಿ

ಒಂದು ದಾರಿ ಯಾರೂ ಹೇಳ್ಲಿಲ್ಲ, ಸಮುದಾಯ ರೇಡಿಯೋ. ನಾನು ಮಂಗಳೂರಲ್ಲಿ ಓದುವಾಗ ಒಂದು ಸಮುದಾಯ ರೇಡಿಯೋಗೆ ವಾಲಂಟಿಯರ್ ಆಗಿ ಹೋಗ್ತಿದ್ದೆ. ಅಲ್ಲಿ ಮಜಾ ಏನಂದ್ರೆ ರೆಕಾರ್ಡಿಂಗು, ಎಡಿಟಿಂಗು, ಊರೂರು ತಿರುಗಿ ಸಂದರ್ಶನ ಮಾಡೋದು ಎಲ್ಲ ನಮ್ಮ ಕೈಲೇ ಮಾಡಿಸ್ತಾರೆ, ಪ್ರೈವೇಟಲ್ಲಿ ಐದು ವರ್ಷ ಇದ್ರೂ ಮುಟ್ಟೋಕೆ ಕೊಡದೇ ಇರೋದನ್ನ ಎರಡನೇ ವಾರ ಕೊಡ್ತಾರೆ. ದುಡ್ಡು ಮಾತ್ರ ಕೇಳ್ಬೇಡಿ.

ಟ್ರಾನ್ಸ್‌ಮಿಟರ್ ಸಣ್ಣದು, 100 ವ್ಯಾಟ್ ಲೆಕ್ಕ, ಸುತ್ತ ಹತ್ತು ಹದಿನೈದು ಕಿಲೋಮೀಟರ್ ಕೇಳಿದ್ರೆ ದೊಡ್ದು, ಘಟ್ಟ ಇದ್ರೆ ಅದೂ ಇಲ್ಲ. 2004ರಲ್ಲಿ ಚೆನ್ನೈನ ಅಣ್ಣಾ ಎಫ್‌ಎಂ ಮೊದಲು ಶುರುವಾಗಿದ್ದು, ಆಗ ಬರೀ ಕಾಲೇಜು ಯೂನಿವರ್ಸಿಟಿಗಳಿಗೆ ಲೈಸೆನ್ಸು, 2006ರಿಂದ ಊರಿನ ಸಂಘ ಸಂಸ್ಥೆಗಳಿಗೂ ಕೊಡೋಕೆ ಶುರು ಮಾಡಿದ್ರು. ಅದಕ್ಕೂ ಮೊದ್ಲೇ ನಮ್ಮ ಕೋಲಾರದ ಬೂದಿಕೋಟೆಲಿ ಲೈಸೆನ್ಸ್ ಇಲ್ಲ ಅಂತ ಸುಮ್ನೆ ಕೂರದೇ ಕೇಬಲ್ ಎಳೆದು ಮನೆಮನೆಗೆ ನಮ್ಮಧ್ವನಿ ಅಂತ ಕೇಳಿಸ್ತಿದ್ರು, ಅದೊಂದು ಬೇರೇನೇ ಕಥೆ. ಈಗ ಮಣಿಪಾಲದಲ್ಲಿ ರೇಡಿಯೋ ಮಣಿಪಾಲ 90.4 ಇದೆ, ಮಂಗಳೂರಲ್ಲಿ ಅಲೋಶಿಯಸ್‌ನ ಸಾರಂಗ್ 107.8 ಇದೆ, ಅದ್ರಲ್ಲಿ ಕನ್ನಡ ತುಳು ಕೊಂಕಣಿ ಬ್ಯಾರಿ ಎಲ್ಲ ಭಾಷೆ ಬರುತ್ತೆ.

ಹಾಗಾಗಿ ಕೊಂಕಣಿ ಅಂತ ಹೆದರೋದು ಯಾಕೆ ಅಂತ. ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದ್ರೆ ಗೋವಾ, ಅಲ್ಲಿ ಆಕಾಶವಾಣಿ ಪಣಜಿ, ಅದ್ರಲ್ಲಿ ಕೊಂಕಣಿ ಕಾರ್ಯಕ್ರಮ ಬರುತ್ತೆ. ಎರಡೂ ಭಾಷೆಲಿ ಮೈಕ್ ಮುಂದೆ ಕೂರೋಕೆ ಬರೋರು ಎಷ್ಟು ಜನ ಇದಾರೆ? ಕಾರವಾರ ಕೊಂಕಣಿ ಬೇರೆ, ಗೋವಾದ್ದು ಬೇರೆ, ಮಂಗಳೂರಿಂದು ಬೇರೆ, ಅಲ್ಲೂ ನಗೋರು ಇರ್ತಾರೆ ಅದು ಬಿಡಿ. ನಂಗೆ ಮಂಗಳೂರಲ್ಲಿ ನಿಂದು ಮರಾಠಿ ಥರ ಇದೆ ಅಂದ್ರು, ಗೋವಾದಲ್ಲಿ ನಿಂದು ಕನ್ನಡ ಥರ ಇದೆ ಅಂದ್ರು.

ಹೊನ್ನಾವರದ_ಹುಡುಗಿ

ಹೌದು ಕೊಂಕಣಿಗೆ ಡಬ್ಬಿಂಗ್, ಜಾಹೀರಾತಿಗೆ ವಾಯ್ಸ್ ಕೇಳ್ತಾರೆ, ಅಪರೂಪಕ್ಕೆ ಬರುತ್ತೆ ಆದ್ರೆ ಬಂದಾಗ ಜನ ಸಿಗಲ್ಲ. ನಾನೇ ಎರಡು ಸಲ ಹುಡುಕಾಡಿ ಕೈಬಿಟ್ಟಿದೀನಿ. ಡೆಮೊ ರೆಡಿ ಆದ್ರೆ ಎರಡೂ ಭಾಷೆದು ಇಟ್ಕೋ ತಂಗಿ. ಮತ್ತೆ ಶೋರೂಮ್ ಬಿಡಬೇಡ ಸದ್ಯಕ್ಕೆ. ತಿಂಗಳ ಆರು ಡ್ಯೂಟಿ ಸಿಕ್ರೂ ಅದನ್ನ ಇಟ್ಕೊಂಡೇ ಮಾಡಬಹುದು, ನಾನು ಎಲ್ಲ ಬಿಟ್ಟು ಬೆಂಗಳೂರು ಬಸ್ ಹತ್ತಿದ್ದು, ಅಮ್ಮನ ಬಳೆ ಬಿಡಿಸ್ಕೊಳ್ಳೋಕೆ ಮೂರು ವರ್ಷ ಆಯ್ತು.

ಕಾಳಿ_ದಂಡೆ

ಒಂದು ವಾರ ಆಯ್ತು, ಅಪ್‌ಡೇಟ್ ಕೊಡೋಣ ಅಂತ.

70 ಸಾವಿರದವರು ನಾಲ್ಕು ಸಲ ಫೋನ್ ಮಾಡಿದ್ರು, ಕೊನೇಲಿ 45ಕ್ಕೆ ಬಂದಿದಾರೆ, ಬೇಡ ಅಂದೆ. ಬೀರು ನಮ್ಮಲ್ಲಿ ಸಣ್ಣದು ತಲೆ ಹಿಡಿಯಲ್ಲ, ಹಾಗಾಗಿ ರಾತ್ರಿ ಎರಡು ರಗ್ಗು ಹೊದ್ಕೊಂಡು ಒಳಗೆ ಫೋನ್ ಇಟ್ಕೊಂಡು ರೆಕಾರ್ಡ್ ಮಾಡಿದೆ. ಸೆಕೆಗೆ ಮೈಯೆಲ್ಲ ನೀರು. ಮೊದಲ ಸಲ ನಾಯಿ ಕೂಗ್ತು, ಎರಡನೇ ಸಲ ಪಪ್ಪ ಲೈಟ್ ಹಾಕಿ ಜ್ವರ ಬಂದಿದ್ಯಾ ಅಂತ ಕೇಳಿದ್ರು, ಅದೂ ರೆಕಾರ್ಡ್ ಆಗಿದೆ. ಮೂರನೇದು ಪೂರ್ತಿ ಆಯ್ತು, ಮೀನುಗಾರಿಕೆ ನಿಷೇಧದ ಬಗ್ಗೆ, ಜೂನ್ 1ರಿಂದ ಜುಲೈ 31, 61 ದಿನ ಬೋಟೆಲ್ಲ ದಡದಲ್ಲಿ ಇರುತ್ತಲ್ಲ, ಆಗ ನಮ್ಮ ಓಣಿ ಹೆಂಗಿರುತ್ತೆ ಅಂತ ಎರಡು ನಿಮಿಷ. ಹಾಳೆ ಇಲ್ಲದೇ.

ಬೆಳಿಗ್ಗೆ ಆಯಿ ಮೀನು ಕೊಯ್ತಾ ಇದ್ದಾಗ ರೇಡಿಯೋ ಆಫ್ ಮಾಡಿ ಫೋನಲ್ಲಿ ಅದನ್ನ ಹಾಕಿದೆ, ನಂದು ಅಂತ ಹೇಳ್ಲಿಲ್ಲ. ಅರ್ಧ ಕೇಳಿ ತಲೆ ಎತ್ತದೇ ಕೇಳಿದ್ಲು, "ಯಾರೇ ಇವಳು, ಯಾಕೆ ಜಗಳ ಆಡ್ತಿದಾಳೆ?"

ಚ ಜ ಬಗ್ಗೆ ಏನೂ ಹೇಳ್ಲಿಲ್ಲ.

ಮಾಜಿ_ಕ್ಯಾಶುವಲ್

ಆಯಿ ಹೇಳಿದ್ದು ಕರೆಕ್ಟೇ ಇರುತ್ತೆ. ಫೋನ್ ಬಾಯಿಗೆ ತೀರಾ ಹತ್ರ ಹಿಡಿದು ಗಟ್ಟಿ ಮಾತಾಡಿರ್ತೀಯ, ಒಂದು ಗೇಣು ದೂರ ಇಟ್ಟು, ಪಕ್ಕದಲ್ಲಿ ಕೂತ ಆಯಿಗೇ ಹೇಳೋ ಹಾಗೆ ಇನ್ನೊಂದ್ಸಲ ಮಾಡು. ಆ ಎರಡು ನಿಮಿಷದ್ದು ಇಲ್ಲಿ ಹಾಕು, ಕೇಳ್ತೀವಿ. ಪಪ್ಪ ಜ್ವರ ಕೇಳಿದ್ದನ್ನ ಅಳಿಸಬೇಡ.